ದೊರೆಯ ಎಡೆ

ಇಂದುವಿಗೆ ಸಿಟ್ಟು ಬಂದರೆ ಅವಳು ಕೂಗುವುದಿಲ್ಲ, ಪಾತ್ರೆ ಕುಕ್ಕುವುದಿಲ್ಲ. ಸ್ಪೀಡ್ ಲಿಮಿಟ್ ಪಾಲಿಸುತ್ತಾಳೆ. ಉಳಿದ ದಿನಗಳಲ್ಲಿ ಕಾರನ್ನು ಎಂಬತ್ತು ಮೈಲಿಯಲ್ಲಿ ಓಡಿಸುವ ಹೆಂಗಸು, ಆ ಸೆಪ್ಟೆಂಬರ್ ಭಾನುವಾರ ಬೆಳಿಗ್ಗೆ ಅಮೆರಿಕದ ಫೋರ್ಟ್ ಮಿಲ್‌ನ ತನ್ನ ಮನೆಯಿಂದ ಅಟ್ಲಾಂಟಾ ಹತ್ತಿರದ ಸುವಾನಿಯವರೆಗೆ ಬೋರ್ಡಿನಲ್ಲಿ ಬರೆದಷ್ಟೇ ವೇಗದಲ್ಲಿ, ಒಂದು ಮೈಲಿಯೂ ಹೆಚ್ಚಿಸದೆ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಹೋದಳು. ಹಿಂದಿನಿಂದ ಟ್ರಕ್‌ಗಳು ಹಾರ್ನ್ ಹೊಡೆದವು. ಹೊಡೆದುಕೊಳ್ಳಲಿ ಎಂದು ಬಿಟ್ಟಳು.

ಪಕ್ಕದ ಸೀಟಿನಲ್ಲಿ ಎರಡು ವಸ್ತುಗಳಿದ್ದವು. ಒಂದು, ಲೈಬ್ರರಿಯಿಂದ ತಂದ ಹಳೆಯ ಪತ್ರಗಳ ಪ್ರತಿಗಳಿದ್ದ ಕಂದು ಲಕೋಟೆ. ಇನ್ನೊಂದು, ಹುರಿಗಡಲೆ ಮತ್ತು ಬೆಲ್ಲ ತುಂಬಿದ ಸ್ಟೀಲ್ ಡಬ್ಬಿ. ಎರಡನ್ನೂ ಸೇರಿಸಿ ಸೀಟ್ ಬೆಲ್ಟ್ ಬಿಗಿದಿದ್ದಳು.

ಅವತ್ತು ಮಹಾಲಯ ಅಮಾವಾಸ್ಯೆ. ಸುವಾನಿಯಲ್ಲಿರುವ ಅಣ್ಣ ಗುರುದತ್ತನ ಮನೆಯಲ್ಲಿ ಹಿರಿಯರಿಗೆ ಎಡೆ. ಸತ್ತುಹೋದ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ, ಎಲೆಯ ಮೇಲೆ ಅವರವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದು. ಅಮ್ಮನಿಗೆ ಕಜ್ಜಾಯ. ಅಪ್ಪನಿಗೆ ಮಟನ್ ಸಾರು, ಜೊತೆಗೆ ಒಂದು ಪ್ಯಾಕ್ ಸಿಗರೇಟು. ಅಜ್ಜಿಗೆ ಎಲೆ ಅಡಿಕೆ, ಹೊಗೆಸೊಪ್ಪು. ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ, ಇದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಇವರ ಮನೆಯ ಹೆಚ್ಚುಗಾರಿಕೆ ಇದ್ದದ್ದು ಸಾಲಿನ ಮೊದಲನೆಯ ಎಲೆಯಲ್ಲಿ. ಅದರ ಮೇಲೆ ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ, ಒಂದು ಚುಟ್ಟಾ, ಗ್ಲಾಸಿನಲ್ಲಿ ಬ್ರಾಂದಿ. ಅದಕ್ಕೆ ದೊರೆ ಎಡೆ ಎಂದು ಹೆಸರು.

ಯಾವ ದೊರೆ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅಪ್ಪ ಎದೆ ಸೆಟೆಸಿ, ನಮ್ಮ ವಂಶದ ಮೂಲಪುರುಷ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಎನ್ನುತ್ತಿದ್ದರು. ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವನ ಮಗ ಕೆಂಚಪ್ಪನ ಕತೆ ಮಾತ್ರ. ಕೆಂಚು ಕೂದಲಿನ ಆ ಹುಡುಗ ಮದರಾಸಿನ ಯಾವುದೋ ಅನಾಥಾಲಯದಿಂದ ಓಡಿ ಮೈಸೂರಿಗೆ ಬಂದ, ಗಾರೆ ಕೆಲಸ ಕಲಿತ, ಮದುವೆಯಾದ. ಅವನು ಅಪ್ಪನ ಮುತ್ತಾತ. ಓಡಿಬಂದಾಗ ಅವನ ಕೊರಳಲ್ಲಿದ್ದ, ಅರುವತ್ತೊಂದು ಎಂದು ಅಂಕಿ ಒತ್ತಿದ ಹಿತ್ತಾಳೆ ಬಿಲ್ಲೆ ಈಗಲೂ ಗುರುದತ್ತನ ದೇವರ ಕೋಣೆಯಲ್ಲಿದೆ.

ಗುರುದತ್ತ ಈ ಕತೆಯನ್ನು ಅಮೆರಿಕಕ್ಕೆ ಹೊತ್ತು ತಂದು ಚೆನ್ನಾಗಿಯೇ ದುಡಿಸಿಕೊಂಡ. ಯಾರ ಮನೆಯ ಪಾರ್ಟಿಯಾದರೂ ಎರಡನೆಯ ಡ್ರಿಂಕ್ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ಹಾಜರು. ತನ್ನ ಕಣ್ಣಿನ ಬಣ್ಣ ಎಲ್ಲಿಂದ ಬಂತು ಗೊತ್ತಾ ಎಂದು ಎಲ್ಲರನ್ನೂ ಹತ್ತಿರ ಕರೆದು ತೋರಿಸುತ್ತಿದ್ದ. ಅವನ ಕಣ್ಣು ಕಾಫಿ ಬಣ್ಣದ್ದು. ಬಿಸಿಲಿಗೆ ನಿಂತರೆ ಹಾಲು ಸ್ವಲ್ಪ ಹೆಚ್ಚಾದಂತೆ ಕಾಣುತ್ತದೆ, ಅಷ್ಟೆ.

ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಅವನೇ ತಂಗಿಗೆ ಕೆಲಸ ಹಚ್ಚಿಕೊಟ್ಟ. "ನೀನು ಸಾಫ್ಟ್‌ವೇರ್ ಟೆಸ್ಟಿಂಗ್‌ನವಳು, ತಪ್ಪು ಹುಡುಕೋದ್ರಲ್ಲಿ ಎಕ್ಸ್‌ಪರ್ಟು. ದೊರೆ ಯಾರು ಅಂತ ಟ್ರೇಸ್ ಮಾಡು. ಒಂದೊಳ್ಳೆ ಫ್ಯಾಮಿಲಿ ಟ್ರೀ ಮಾಡೋಣ," ಎಂದಿದ್ದ.

ಅವಳು ಮಾಡಿದಳು. ಹಿಡಿದ ಕೆಲಸ ಬಿಡುವ ಪೈಕಿಯಲ್ಲ. ಅನಾಥಾಲಯದ ಹಳೆಯ ದಾಖಲೆಗಳ ಚಿತ್ರಗಳನ್ನು ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ್ದರು. ಅದರಲ್ಲಿ ನಂಬರ್ ಅರುವತ್ತೊಂದು ಸಿಕ್ಕಿತು. ಥಾಮಸ್, ವಯಸ್ಸು ಐದು, ಮೈಸೂರಿನ ಕ್ಯಾಪ್ಟನ್ ಎಡ್ಮಂಡ್ ಥಾರ್ಲಿಯ ಮಗ. ಕೊನೆಯ ಕಾಲಮ್ಮಿನಲ್ಲಿ, ೧೮೫೧ರಲ್ಲಿ ಓಡಿಹೋದನು, ಮೈಸೂರಿನ ಕಡೆಗೆ ಎಂದು ಊಹೆ. ಥಾರ್ಲಿಯ ಹೆಸರು ಹಿಡಿದು ಹೋದರೆ, ಅವನ ಮೊಮ್ಮಗನೊಬ್ಬ ತಂಬಾಕಿನ ವ್ಯಾಪಾರಕ್ಕೆಂದು ನಾರ್ತ್ ಕೆರೊಲಿನಾಗೆ ಬಂದು ನೆಲೆಸಿದ್ದು ತಿಳಿಯಿತು. ಕುಟುಂಬದ ಕಾಗದಪತ್ರಗಳೆಲ್ಲ ರಾಲಿಯ ಹತ್ತಿರದ ಒಂದು ಲೈಬ್ರರಿಯಲ್ಲಿದ್ದವು. ಮೂರು ಗಂಟೆಯೂ ಇಲ್ಲದ ದಾರಿ. ಇಂದು ಆಫೀಸಿಗೆ ರಜೆ ಹಾಕಿ ಹಾಕಿ ಹನ್ನೊಂದು ಸಲ ಹೋಗಿ ಬಂದಳು.

ಮೊದಮೊದಲು ಅವಳಿಗೆ ಆ ಮನುಷ್ಯ ಇಷ್ಟವಾಗಿಬಿಟ್ಟಿದ್ದ. ಈಗ ನೆನೆದರೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತದೆ. ಆದರೆ ಆ ಪತ್ರಗಳು ಹಾಗಿದ್ದವು. ಮೈಸೂರು ಸೀಮೆಯಲ್ಲಿ ರಸ್ತೆ, ಸೇತುವೆ ಕಟ್ಟಿಸುತ್ತಿದ್ದ ಥಾರ್ಲಿ, ತನ್ನ ದೇಶದಲ್ಲಿ, ಡೆವನ್‌ನಲ್ಲಿ, ಬಿಟ್ಟುಬಂದ ಹೆಂಡತಿ ಹ್ಯಾರಿಯಟ್‌ಗೆ ಪ್ರತಿ ವಾರ ಬರೆಯುತ್ತಿದ್ದ. ಹಿರಿಯ ಮಗಳ ಕೆಮ್ಮಿಗೆ ಜೇನು ಕೊಡು. ಕಿರಿಯವಳಿಗೆ ಮೊದಲ ಹಲ್ಲು ಬಂದದ್ದು ತಿಳಿದು ಎರಡು ಸಲ ಓದಿಕೊಂಡೆ. ಪತ್ರದ ಅಂಚಿನಲ್ಲಿ ಮಕ್ಕಳಿಗೆಂದು ನವಿಲು, ಆನೆ, ಕೋತಿಯ ಚಿತ್ರಗಳು. ಒಳ್ಳೆಯ ಅಪ್ಪ. ಇಂದು ಆ ನವಿಲಿನ ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದಳು. ಅವನು ಅದನ್ನು ಹತ್ತು ವಾಟ್ಸಾಪ್ ಗುಂಪುಗಳಿಗೆ ಹಂಚಿದ.

ಆಮೇಲೆ ಇನ್ನೊಂದು ಪೆಟ್ಟಿಗೆಯಲ್ಲಿ, ತಾನು ಬರೆದು ಕಳಿಸಿದ ಪತ್ರಗಳನ್ನೆಲ್ಲ ಅವನು ನಕಲು ಮಾಡಿಟ್ಟುಕೊಂಡಿದ್ದ ದಪ್ಪ ಪುಸ್ತಕ ಸಿಕ್ಕಿತು. ೧೮೪೪ರಲ್ಲಿ ಹೆಂಡತಿ ಮೈಸೂರಿಗೆ ಹೊರಟಳು. ಅವಳು ಬರುವ ಮುಂಚೆ ಅವನು ಮನೆಗೆ ಸುಣ್ಣ ಹೊಡೆಸಿದ, ಕಿಟಕಿಗೆ ಹೊಸ ಪರದೆ ತರಿಸಿದ, ಐದು ವರ್ಷದ ಮಗನನ್ನು ಮದರಾಸಿಗೆ ಸಾಗಿಸಿದ. ಮೂರು ಕೆಲಸದ ಪತ್ರಗಳೂ ಒಂದೇ ಪುಟದಲ್ಲಿವೆ. ಅನಾಥಾಲಯದ ಕಾರ್ಯದರ್ಶಿಗೆ ಬರೆದದ್ದರಲ್ಲಿ ಕೊನೆಗೆ ಎರಡು ಸಾಲು: ಹುಡುಗನ ತಾಯಿ, ನಂಜಿ ಎಂಬ ಹೆಂಗಸು, ಹಿಂದೆಯೇ ಬಂದಾಳು. ಅವಳನ್ನು ಒಳಗೆ ಬಿಡಬಾರದು.

ಅವಳು ಬಂದಳು. ಮೈಸೂರಿನಿಂದ ಮದರಾಸಿಗೆ ನಡೆದುಕೊಂಡು ಬಂದಳು. ಮಾರನೆಯ ವರ್ಷದ ಪತ್ರದಲ್ಲಿ ಥಾರ್ಲಿ ಕಾರ್ಯದರ್ಶಿಯ ದೂರಿಗೆ ಉತ್ತರ ಕೊಟ್ಟಿದ್ದಾನೆ. ಆ ಹೆಂಗಸು ಈಗಲೂ ಗೇಟಿನ ಹೊರಗೆ ಕೂರುತ್ತಾಳೆಂದು ತಿಳಿದು ಬೇಸರವಾಯಿತು. ಅವಳು ಮಗನಿಗೆಂದು ತರುವ ಹುರಿಗಡಲೆ, ಬೆಲ್ಲವನ್ನು ಕಾವಲುಗಾರನ ಮಕ್ಕಳಿಗೆ ಕೊಟ್ಟುಬಿಡಿ. ಹುಡುಗನಿಗೆ ಆ ರುಚಿ ಮರೆಯಬೇಕು.

೧೮೪೭ರ ಜನವರಿಯ ಒಂದು ಪುಟದ ಮೇಲ್ಭಾಗದಲ್ಲಿ, ಡೆವನ್‌ನಲ್ಲೇ ಉಳಿದು ಶಾಲೆಗೆ ಹೋಗುತ್ತಿದ್ದ ಕಿರಿಯ ಮಗಳಿಗೆ ಬರೆದ ಪತ್ರವಿದೆ. ನಿನ್ನ ಕುದುರೆಮರಿ ಸತ್ತ ಸುದ್ದಿಯನ್ನು ನಿನ್ನಿಂದ ಮುಚ್ಚಿಟ್ಟದ್ದು ತಪ್ಪು, ಪ್ರೀತಿಸಿದವರ ಸಾವನ್ನು ತಿಳಿಯುವ ಹಕ್ಕು ಎಲ್ಲರಿಗೂ ಇದೆ ಎಂದು ಅದರಲ್ಲಿ ಬರೆದಿದ್ದಾನೆ. ಅದರ ಕೆಳಗೆ, ಅದೇ ಮಸಿಯಲ್ಲಿ, ಕಾರ್ಯದರ್ಶಿಗೆ: ನಂಜಿ ಗೇಟಿನ ಬಳಿ ಸತ್ತಳೆಂದು ತಿಳಿಸಿದ್ದಕ್ಕೆ ಕೃತಜ್ಞ. ಎಲ್ಲರಿಗೂ ಒಳ್ಳೆಯದೇ ಆಯಿತು. ಹುಡುಗನಿಗೆ ತಿಳಿಸಬೇಕಾಗಿಲ್ಲ.

ಲೈಬ್ರರಿಯಲ್ಲಿ ಹಳೆಯ ಕಾಗದಗಳ ಹತ್ತಿರ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಇಂದುವಿನ ಕೈಯಲ್ಲಿದ್ದ ಪೆನ್ಸಿಲ್ ಲಟಕ್ಕೆಂದು ಮುರಿಯಿತು. ಮಗಳ ಕುದುರೆಗೆ ಅಳುವ ಮನುಷ್ಯನಿಗೆ ಅಪ್ಪನಾಗುವುದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಯಾರಿಗೆ ಆಗಬೇಕು, ಯಾರಿಗೆ ಆಗಬಾರದು ಎಂದು ಲೆಕ್ಕ ಹಾಕಿ ಆಗಿದ್ದ. ಇಂಥವನಿಗೆ ನಮ್ಮ ಮನೆಯಲ್ಲಿ ಮೊದಲ ಎಲೆ, ಬ್ರಾಂದಿ, ಚುಟ್ಟಾ! ಹೆತ್ತವಳಿಗೆ ಒಂದು ತುತ್ತಿಲ್ಲ.

ಶುಕ್ರವಾರ ಅಣ್ಣನಿಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದಳು. ಅವನು ಪೂರ್ತಿ ಕೇಳಿದ.

"ವೆರಿ ಸ್ಯಾಡ್ ಕಣೇ," ಎಂದ. "ಆದ್ರೆ ಆ ಕಾಲದಲ್ಲಿ ಎಲ್ರೂ ಹಂಗೇ ಮಾಡ್ತಿದ್ರು."

"ಈ ಸಲ ದೊರೆ ಎಡೆ ಬೇಡ. ನಂಜಿಗೆ ಇಡೋಣ."

"ತಲೆ ಕೆಟ್ಟಿದ್ಯಾ ನಿಂಗೆ? ನಾನು ಲೈಬ್ರರಿಯಿಂದ ಅವನ ಪೋರ್ಟ್ರೇಟ್ ತರಿಸಿ ದೊಡ್ಡ ಫ್ರೇಮ್ ಹಾಕ್ಸಿದ್ದೀನಿ. ರಾಜ್ಯೋತ್ಸವ ಸುವೆನಿರ್‌ಗೆ ಆರ್ಟಿಕಲ್ ಕೊಟ್ಟಾಗಿದೆ. ಅಪ್ಪ ಇಡ್ತಿದ್ದ ಎಡೆ ಅದು. ಅಪ್ಪ ಯಾವತ್ತಾದ್ರೂ ಅವಳಿಗೆ ಇಟ್ರಾ? ಇಲ್ವಲ್ಲ. ಮದುವೆ ಆದವಳಲ್ಲ ಅವಳು, ಇಂದು. ಇಟ್ಕೊಂಡಿದ್ದೋಳಿಗೆಲ್ಲ ಯಾರಾದ್ರೂ ಎಡೆ ಇಡ್ತಾರಾ?"

ಇಂದು ಫೋನ್ ಇಟ್ಟಳು. ಎರಡು ದಿನ ಅವಳ ಕಿವಿಯಲ್ಲಿ ಆ ಒಂದು ಪದವೇ ಗುಯ್‌ಗುಟ್ಟಿತು. ಇಟ್ಟುಕೊಂಡವನಿಗೆ ಮೊದಲ ಎಲೆ, ಇಟ್ಟುಕೊಂಡವಳಿಗೆ ಬೈಗುಳ. ಶನಿವಾರ ಇಂಡಿಯನ್ ಸ್ಟೋರಿಗೆ ಹೋಗಿ ಹುರಿಗಡಲೆ, ಬೆಲ್ಲ ತಂದಳು.

ಸುವಾನಿಯ ಮನೆ ತಲುಪಿದಾಗ ಹನ್ನೊಂದೂವರೆ. ಅಡುಗೆಮನೆಯಲ್ಲಿ ಅತ್ತಿಗೆ ಕಾತ್ಯಾಯಿನಿ ವಡೆ ಕರಿಯುತ್ತಿದ್ದಳು. ಅಟ್ಲಾಂಟಾದಲ್ಲಿ ಕಾಲೇಜು ಓದುತ್ತಿರುವ ಮಗಳು ಶ್ರಾವಣಿ ವಾರಾಂತ್ಯಕ್ಕೆ ಬಂದವಳು ಎಡೆ ಇಡುವ ಕೋಣೆಯಲ್ಲಿ ಕುರ್ಚಿ ಹತ್ತಿ, ಹೊಗೆ ತಾಗದಂತೆ ಸ್ಮೋಕ್ ಡಿಟೆಕ್ಟರಿಗೆ ಶವರ್ ಕ್ಯಾಪ್ ಹಾಕುತ್ತಿದ್ದಳು. ಹೋದ ವರ್ಷ ಸಾಂಬ್ರಾಣಿ ಹೊಗೆಗೆ ಅದು ಕಿರುಚಿ, ಅಗ್ನಿಶಾಮಕದವರು ಬಂದು, ಹಿರಿಯರು ಯಾರೂ ಊಟ ಮಾಡದೆ ಹೋದರೇನೋ ಎಂದು ಅತ್ತಿಗೆ ವಾರವೆಲ್ಲ ಕೊರಗಿದ್ದಳು.

ಬಾಗಿಲ ಪಕ್ಕದ ದೊಡ್ಡ ಕೋಣೆಯಲ್ಲಿ ಸೋಫಾಗಳನ್ನು ಸರಿಸಿ, ಬಿಳಿ ಬಟ್ಟೆ ಹಾಸಿ, ಸಾಲಾಗಿ ಬಾಳೆಲೆ ಹಾಕಿತ್ತು. ಮೊದಲ ಎಲೆಯ ಹಿಂದೆ, ಗೋಡೆಗೆ ಒರಗಿಸಿ, ಆಳೆತ್ತರಕ್ಕೆ ಸ್ವಲ್ಪವೇ ಕಡಿಮೆಯ ಚಿನ್ನದ ಬಣ್ಣದ ಫ್ರೇಮ್. ಅದರೊಳಗೆ ಕ್ಯಾಪ್ಟನ್ ಎಡ್ಮಂಡ್ ಥಾರ್ಲಿ. ಗುರುದತ್ತ ಅವನಿಗೆ ಚೆಂಡುಹೂವಿನ ಹಾರವನ್ನೂ ಹಾಕಿದ್ದ. ಅಪ್ಪ ಅಮ್ಮನ ಚಿಕ್ಕ ಫೋಟೋಗಳು ಪಕ್ಕದಲ್ಲಿ, ಆ ಫ್ರೇಮಿನ ನೆರಳಿನಲ್ಲಿದ್ದವು. ಇಂದುವಿಗೆ ಮೈಯೆಲ್ಲ ಉರಿದುಹೋಯಿತು.

ಕಿಟಕಿಯ ಹತ್ತಿರದ ಆರಾಮಕುರ್ಚಿಯಲ್ಲಿ ದೊಡ್ಡತಾಯಮ್ಮ ಕೂತಿದ್ದರು. ಅಪ್ಪನ ತಂಗಿ, ಎಂಬತ್ತನಾಲ್ಕು ವರ್ಷ, ಹದಿನೈದು ದಿನದ ಹಿಂದಷ್ಟೇ ಮೈಸೂರಿನಿಂದ ಬಂದವರು. ಹಿಂದಿನ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಈಗ ಕೂತಲ್ಲೇ ತೂಕಡಿಸುತ್ತಿದ್ದರು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಗಂಡನ ಮನೆಯ ಎಡೆ ನೋಡಿಕೊಳ್ಳಬೇಕು, ತವರಿನ ಎಡೆಗೆ ಬರುವ ಹಾಗಿಲ್ಲ. ಹಾಗಾಗಿ ಅವರು ತವರಿನ ಎಡೆ ನೋಡಿ ಅರವತ್ತಾರು ವರ್ಷವಾಗಿತ್ತು. ಅಮೆರಿಕದಲ್ಲಿ ಆ ಕಟ್ಟುನಿಟ್ಟೆಲ್ಲ ಇಲ್ಲ. ಇಂದು ಪ್ರತಿ ವರ್ಷ ಬರುತ್ತಾಳೆ.

"ಲೇಟಾಯ್ತಲ್ಲೇ," ಎಂದ ಗುರುದತ್ತ. ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿ, ಕೈಯಲ್ಲಿ ಬ್ರಾಂದಿ ಬಾಟಲಿ ಹಿಡಿದಿದ್ದ. "ನೋಡು, ಈ ಸಲ ದೊರೆಗೆ ಫ್ರೆಂಚ್ ಕೊನ್ಯಾಕ್ ತಂದಿದ್ದೀನಿ."

"ಅಣ್ಣ, ಒಂದು ಎಲೆ ಜಾಸ್ತಿ ಹಾಕು."

"ಶುಕ್ರವಾರ ಮಾತಾಡಿ ಮುಗೀತಲ್ಲ."

"ನೀನು ಮಾತಾಡಿದೆ. ನಾನು ಮುಗ್ಸಿಲ್ಲ."

"ಇಂದು, ಹಬ್ಬದ ದಿನ ಸೀನ್ ಮಾಡಬೇಡ. ಈ ಮನೆ ನಂದು, ಹಿರಿ ಮಗ ನಾನು. ಯಾರಿಗೆ ಇಡಬೇಕು ಅಂತ ನಾನು ಡಿಸೈಡ್ ಮಾಡ್ತೀನಿ."

"ಮನೆ ನಿಂದು. ವಂಶ ನಿನ್ನ ಹೆಸರಲ್ಲಿ ರಿಜಿಸ್ಟರ್ ಆಗಿಲ್ಲ. ಆ ಹೆಂಗಸಿನ ಹೊಟ್ಟೇಲಿ ಹುಟ್ಟಿದವನ ಮರಿಮೊಮ್ಮಗನ ಮಗ ನೀನು. ನಿನ್ನ ಕಣ್ಣು, ನಿನ್ನ ಕೊಬ್ಬು, ಎಲ್ಲಾ ಅಲ್ಲಿಂದಾನೇ ಬಂದಿದ್ದು. ಅವಳನ್ನ ಇಟ್ಕೊಂಡಿದ್ದೋಳು ಅಂತೀಯಲ್ಲ, ನಾಲಿಗೆ ಹೇಗೆ ಹೊರಳತ್ತೆ ನಿಂಗೆ?"

"ಡ್ಯಾಡ್ ಹಾಗೆ ಹೇಳಿದ್ರಾ?" ಕುರ್ಚಿಯ ಮೇಲಿಂದಲೇ ಶ್ರಾವಣಿ ಕೇಳಿದಳು. "ದಟ್ಸ್ ಹಾರಿಬಲ್, ಡ್ಯಾಡ್."

"ನೀನು ಇಳಿದು ಹೂವು ಕಟ್ಟು ಹೋಗು," ಎಂದ ಗುರುದತ್ತ. ಮುಖ ಕೆಂಪಾಗಿತ್ತು. ಬಾಟಲಿಯ ಮುಚ್ಚಳ ತಿರುಗಿಸಿ ಗ್ಲಾಸಿಗೆ ಕೊನ್ಯಾಕ್ ಬಗ್ಗಿಸಿದ. ಹಟಕ್ಕೆ ಬಿದ್ದವನಂತೆ ಅಂಚಿನವರೆಗೂ ತುಂಬಿಸಿದ.

ಗಲಾಟೆಗೋ ಕೊನ್ಯಾಕಿನ ವಾಸನೆಗೋ ದೊಡ್ಡತಾಯಮ್ಮನಿಗೆ ಎಚ್ಚರವಾಯಿತು. ಕನ್ನಡಕ ಏರಿಸಿ ಎಲೆಗಳ ಸಾಲು ನೋಡಿದರು. ಮೊದಲ ಎಲೆಯ ಬ್ರೆಡ್ಡು, ಮೊಟ್ಟೆ, ಚುಟ್ಟಾ ನೋಡಿ ಅವರ ಹುಬ್ಬು ಗಂಟಾಯಿತು.

"ಇದ್ಯಾಕ್ಲಾ ಮಗ ಇದನ್ನ ಒಳಗಿಟ್ಟಿದ್ದೀಯ?"

"ದೊರೆ ಎಡೆ ಅತ್ತೆ," ಎಂದ ಗುರುದತ್ತ, ಸದ್ಯ ಒಬ್ಬರಾದರೂ ವಿಷಯ ಬಲ್ಲವರು ಸಿಕ್ಕರು ಎಂಬ ಸಮಾಧಾನದಲ್ಲಿ. "ಅಪ್ಪ ಇಡ್ತಿದ್ರಲ್ಲ, ಎಲ್ಲಕ್ಕಿಂತ ಫಸ್ಟು."

"ನಿಮ್ಮಪ್ಪ ಒಳಗಿಡ್ತಿದ್ನಾ?" ಮುದುಕಿ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. "ಅಯ್ಯೋ ಅವನ ಬುದ್ಧಿಗಿಷ್ಟು! ಹಿತ್ಲಲ್ಲಿ ಬಚ್ಚಲ ಮೋರಿ ದಾಟಿ ಆಚೆ ಇಡೋ ಎಡೆ ಕಣ್ಲಾ ಅದು. ನಮ್ಮಜ್ಜಿ ಮುಖ ಆ ಕಡೆ ತಿರುಗಿಸ್ಕಂಡು ಎಲೆ ಇಟ್ಟು, 'ತಿನ್ನು, ಕುಡಿ, ಹಂಗೇ ಹೋಗು, ಒಳಕ್ಕೆ ಕಾಲಿಕ್ಕಬ್ಯಾಡ' ಅಂದು, ಹಿಂದಕ್ಕೆ ನೋಡ್ದೆ ಬಂದು ಕಾಲು ತೊಳ್ಕೊಳೋರು. ಆಮೇಲೇ ಒಳಗಿನ ಎಡೆ ಶುರು."

ಗುರುದತ್ತನ ಕೈಯಲ್ಲಿದ್ದ ಬಾಟಲಿ ಅಲ್ಲೇ ನಿಂತಿತು. "ಇಲ್ಲ ಅತ್ತೆ, ಅದು ಗೌರವಕ್ಕೆ..."

"ಗೌರವ ಯಾವ್ದು? ಪೀಡೆ ಅದು. ಹಸ್ಕಂಡು ಬಂದು ಮಕ್ಕಳ ಮೈಮೇಲೆ ಬೀಳಬಾರ್ದು ಅಂತ ಆಚೇನೇ ಹಾಕಿ ಕಳಿಸೋದು. ಕೆಂಚಪ್ಪಜ್ಜನೇ ಶುರು ಮಾಡಿದ್ದಂತೆ. ನಮ್ಮಜ್ಜಿ ಕೆಂಚಪ್ಪಜ್ಜನ ಸೊಸೆ, ಅವಳ ಬಾಯಿಂದ್ಲೇ ಕೇಳಿದ್ದೀನಿ ನಾನು. ನಿಮ್ಮಪ್ಪ ಆಫೀಸಲ್ಲಿ ಸಾಹೇಬ್ರ ಮುಂದೆಲ್ಲ ದೊರೆ ವಂಶ ಅಂತ ಹೇಳ್ಕೊಂಡು ತಿರುಗ್ತಿದ್ದ, ಅದು ಗೊತ್ತಿತ್ತು. ಎಲೇನೇ ಎತ್ತಿ ಒಳಗಿಟ್ಟ ಅಂತ ಯಾರು ಕಂಡಿದ್ರು?"

ಅಡುಗೆಮನೆಯಿಂದ ಕಾತ್ಯಾಯಿನಿ ಜಾಲರಿ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದಳು. ಹೆಚ್ಚುಕಡಿಮೆ ಅರವತ್ತು ವರ್ಷ, ಎಂದು ಇಂದು ಮನಸ್ಸಿನಲ್ಲೇ ಎಣಿಸಿದಳು. ಬಾಗಿಲಾಚೆ ತಡೆದು ನಿಲ್ಲಿಸಿದ್ದವನನ್ನು ಅಪ್ಪ ಕೈಹಿಡಿದು ಒಳಗೆ ಕರೆತಂದು ಕೂರಿಸಿದರು. ತಾನೂ ಚಿಕ್ಕಂದಿನಲ್ಲಿ ಆ ಎಲೆಗೆ ಕೈಮುಗಿದಿದ್ದಳು. ಅವಳಿಗೆ ಅಪ್ಪನ ಮೇಲೆ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿತು. ಸತ್ತವರ ಮೇಲೆ, ಅದೂ ಎಡೆಯ ದಿನ, ಸಿಟ್ಟಾಗಬಾರದು ಎನ್ನುತ್ತಾರೆ. ಅವಳು ಆದಳು.

"ಅತ್ತೆ," ಎಂದಳು, "ಕೆಂಚಪ್ಪನ ತಾಯಿಗೆ ಯಾಕೆ ಎಡೆ ಇಡ್ತಿರಲಿಲ್ಲ? ಅವಳು ಮದುವೆ ಆದವಳಲ್ಲ ಅಂತಾನಾ?"

"ಥೂ, ಯಾರು ಹಂಗಂದೋರು?" ದೊಡ್ಡತಾಯಮ್ಮ ಕೈಯಾಡಿಸಿದರು. "ಸತ್ತ ಸುದ್ದಿ ಬರಲಿಲ್ವಲ್ಲ ಮಗ, ಅದಕ್ಕೆ. ಬದುಕಿರೋರಿಗೆ ಎಡೆ ಇಟ್ರೆ ಅವರ ಆಯಸ್ಸು ಕಮ್ಮಿ ಆಗ್ತದೆ. ಆ ಹುಡುಗ ಅವ್ವನ್ನ ಹುಡುಕ್ಕೊಂಡೇ ಮೈಸೂರಿಗೆ ಓಡಿಬಂದಿದ್ದಂತೆ. ಸಿಗಲಿಲ್ಲ. ಪ್ರತಿ ವರ್ಷ ಎಡೆ ದಿನ, ಎಲೆ ಹಾಕೋ ಮುಂಚೆ, 'ನಮ್ಮವ್ವಂದು ಏನಾದ್ರೂ ತಿಳೀತೇನ್ರೋ' ಅಂತ ಎಲ್ರನ್ನೂ ಕೇಳೋನಂತೆ. ಇಲ್ಲ ಅಂದ್ರೆ, 'ಹಂಗಾದ್ರೆ ಎಲ್ಲೋ ಅವ್ಳೆ, ಅವಳಿಗೆ ಇಡಬ್ಯಾಡಿ' ಅನ್ನೋನಂತೆ. ಎಲ್ಲಾ ಹಲ್ಲು ಬಿದ್ದು ಮುದುಕನಾದ ಮೇಲೂ ಕೇಳೋನಂತೆ. ಅವನೂ ಹೋದ. ಸುದ್ದಿ ಬರಲೇ ಇಲ್ಲ."

ಹುಡುಗನಿಗೆ ತಿಳಿಸಬೇಕಾಗಿಲ್ಲ. ಅದನ್ನು ಬರೆದವನು ಚಿನ್ನದ ಫ್ರೇಮಿನೊಳಗೆ ಹಾರ ಹಾಕಿಕೊಂಡು ಕೂತಿದ್ದ. ಒಂದು ಸಾಲು, ಬರೆಯಲು ಅರ್ಧ ನಿಮಿಷವೂ ಹಿಡಿದಿರಲಾರದು. ಆ ಒಂದು ಸಾಲಿಗೆ ಒಬ್ಬ ಮನುಷ್ಯ ಬದುಕಿಡೀ ಪ್ರತಿ ಮಹಾಲಯ ಅಮಾವಾಸ್ಯೆ ಎಲೆಗಳ ಮುಂದೆ ನಿಂತು ಅಮ್ಮನ ಸಾವನ್ನು ವಿಚಾರಿಸಿದ್ದ.

ಇಂದು ಲಕೋಟೆ ಒಡೆದು ಕೊನೆಯ ಪ್ರತಿಯನ್ನು ತೆಗೆದು ಅಣ್ಣನ ಮುಂದೆ ಹಿಡಿದಳು.

"ಓದು."

"ಫೋನಲ್ಲಿ ಹೇಳಿದ್ಯಲ್ಲ ಇಂದು..."

"ಫೋನಲ್ಲಿ ಹೇಳಿದ್ದು ನಿಂಗೆ. ಈಗ ಅತ್ತೆಗೆ ಓದಿ ಹೇಳು. ಹಿರಿ ಮಗ ನೀನಲ್ವಾ, ಡಿಸೈಡ್ ಮಾಡೋನು? ಸುದ್ದೀನೂ ನೀನೇ ಹೇಳು."

ಗುರುದತ್ತ ಕಾಗದ ಹಿಡಿದ. ಇಂಗ್ಲಿಷಿನಲ್ಲಿ ಒಮ್ಮೆ ತುಟಿಯಲ್ಲೇ ಓದಿಕೊಂಡ. ಕಡೆಗೆ ಕಾಗದವನ್ನು ತಂಗಿಯ ಕೈಗೇ ವಾಪಸ್ಸು ಕೊಟ್ಟ. ಹತ್ತು ಗುಂಪುಗಳಿಗೆ ನವಿಲು ಹಂಚಿದ್ದ ಮನುಷ್ಯನಿಗೆ ನಾಲ್ಕು ಮಾತು ಹೇಳಲು ಧೈರ್ಯ ಸಾಲಲಿಲ್ಲ.

ಇಂದು ಮುದುಕಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಅತ್ತೆ, ಸುದ್ದಿ ಬಂದಿದೆ. ಅವಳ ಹೆಸರು ನಂಜಿ. ಮಗನನ್ನ ಇಟ್ಟಿದ್ದ ಕಡೆಗೆ ನಡ್ಕೊಂಡು ಹೋದಳು. ಒಳಗೆ ಬಿಡಲಿಲ್ಲ. ಹುರಿಗಡಲೆ ಬೆಲ್ಲ ತಗೊಂಡು ಮೂರು ವರ್ಷ ಗೇಟಿನ ಆಚೆ ಕೂತಿದ್ದಳು. ಅಲ್ಲೇ ಸತ್ತಳು. ಈ ಕೊನೇ ಕಾಗದ ಬರೆದಿದ್ದು ಸಾವಿರದ ಎಂಟುನೂರ ನಲವತ್ತೇಳು, ಜನವರಿ."

ದೊಡ್ಡತಾಯಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಶ್ರಾವಣಿಯ ಕಡೆ ತಿರುಗಿ, "ಒಂದು ಚೊಂಬು ನೀರು ತಗೊಂಬಾ ಕೂಸೆ. ಸಾವಿನ ಸುದ್ದಿ ಕೇಳಿದ ಮೇಲೆ ತಲೆಗೆ ನೀರು ಹಾಕ್ಕೋಬೇಕು," ಎಂದರು. ನೀರು ಬಂದ ಮೇಲೆ ಬೆರಳದ್ದಿ ತಮ್ಮ ನೆತ್ತಿಗೆ, ಇಂದುವಿನ ನೆತ್ತಿಗೆ, ಶ್ರಾವಣಿಯ ನೆತ್ತಿಗೆ ಚಿಮುಕಿಸಿದರು. ಕಾತ್ಯಾಯಿನಿ ತಾನೇ ಬಂದು ತಲೆ ಬಗ್ಗಿಸಿದಳು. ಗುರುದತ್ತನೂ ಬಂದ. ಅವನ ತಲೆಗೆ ಮುದುಕಿ ಒಂದಿಷ್ಟು ಹೆಚ್ಚೇ ಸುರಿದರು.

"ಈಗ ಆ ಪೀಡೇನ ಆಚೆ ಹಾಕು," ಎಂದರು ಇಂದುವಿಗೆ.

ಅವಳು ಎಲೆಯನ್ನು ಬ್ರೆಡ್ಡು ಮೊಟ್ಟೆಯ ಸಮೇತ ಮಡಿಚಿ ಎತ್ತಿಕೊಂಡಳು. ಶ್ರಾವಣಿ ಗ್ಲಾಸು ಹಿಡಿದಳು. ಹಿಂದಿನ ಡೆಕ್ಕಿನ ಮೆಟ್ಟಿಲಿಳಿದು, ಹುಲ್ಲು ದಾಟಿ, ಗಾರ್ಬೇಜ್ ಬಿನ್‌ಗಳಿರುವ ಮೂಲೆಯಲ್ಲಿ ಇಟ್ಟರು. ಗುರುದತ್ತ ಡೆಕ್ಕಿನ ಮೇಲಿಂದ, "ನೈಬರ್ಸ್ ನೋಡ್ತಾರೆ ಕಣೇ, ಆಲ್ಕೋಹಾಲ್ ಅದು," ಎಂದ. ಇಂದು ಒಳಗೆ ಹೋಗಿ ಹಾರದ ಸಮೇತ ಫ್ರೇಮನ್ನೂ ಎತ್ತಿ ತಂದಳು. ಭಾರವಿತ್ತು, ಸೊಂಟ ನೋಯಿತು. ಅಣ್ಣನ ಪಕ್ಕದಲ್ಲೇ ಹಾದುಹೋದಳು. ಅವನು ತಡೆಯಲಿಲ್ಲ, ಕೈಯನ್ನೂ ಕೊಡಲಿಲ್ಲ. ಕ್ಯಾಪ್ಟನ್ನನ ಮುಖವನ್ನು ಬೇಲಿಯ ಕಡೆ ತಿರುಗಿಸಿ ಒರಗಿಸಿದಳು.

"ತಿನ್ನು, ಕುಡಿ, ಹೋಗು," ಎಂದಳು. "ಒಳಗೆ ಕಾಲಿಡಬೇಡ."

ಇನ್ನೂ ಬೈಯಬೇಕೆನಿಸಿತು. ಮೂರು ಭಾಷೆಯಲ್ಲಿ ಬೈಗುಳ ಗೊತ್ತಿತ್ತು. ಆದರೆ ಹಿಂದಿರುಗಿ ನೋಡಬಾರದು ಎಂದಿದ್ದರಲ್ಲ. ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದಳು.

ಕಾತ್ಯಾಯಿನಿ ಆಗಲೇ ಖಾಲಿಯಾದ ಜಾಗದಲ್ಲಿ ಹೊಸ ಎಲೆ ಹಾಕಿದ್ದಳು. ಏನು ಬಡಿಸಬೇಕು ಎಂದು ಕೇಳಿದಳು. ನಂಜಿಗೆ ಏನು ಇಷ್ಟವಿತ್ತೋ ಯಾರಿಗೂ ತಿಳಿಯದು. ಅವಳ ಬಗ್ಗೆ ಬರೆದವನು ಅದನ್ನೆಲ್ಲ ಬರೆದಿರಲಿಲ್ಲ. ಮಗನಿಗೆ ಏನು ತಂದಳು ಎನ್ನುವುದಷ್ಟೇ ಉಳಿದಿದೆ. ಇಂದು ಡಬ್ಬಿ ತೆರೆದು ಹುರಿಗಡಲೆ, ಬೆಲ್ಲವನ್ನೆಲ್ಲ ಆ ಎಲೆಗೆ ಸುರಿದಳು. ಆಮೇಲೆ ಅದರಿಂದ ಒಂದು ಹಿಡಿ ತೆಗೆದು, ಅದರ ಪಕ್ಕದಲ್ಲಿದ್ದ ಕೆಂಚಪ್ಪನ ಎಲೆಯ ಮೇಲೂ ಇಟ್ಟಳು.

ಧೂಪ ಹಿಡಿದು, ಸಾಲಿನ ಕೊನೆಯಿಂದ ಮೊದಲಿನವರೆಗೆ, ಹಿರಿಯರನ್ನು ಹೆಸರು ಹೇಳಿ ಕರೆಯುವುದು ಗುರುದತ್ತನ ಕೆಲಸ. ಕರೆದ. ಅಪ್ಪ, ಅಮ್ಮ, ತಾತ, ಅಜ್ಜಿ, ಕೆಂಚಪ್ಪ. ಮೊದಲ ಎಲೆಯ ಹತ್ತಿರ ಬಂದವನು ನಿಂತುಬಿಟ್ಟ. ಹೊಗೆ ಮೇಲೇರಿ ಶವರ್ ಕ್ಯಾಪ್ ಮುಟ್ಟಿತು. ದೊಡ್ಡತಾಯಮ್ಮ ಅವನ ಕೈಯಿಂದ ಧೂಪಾರತಿ ಕಿತ್ತುಕೊಂಡರು.

"ನಂಜವ್ವ, ಬಾರವ್ವ ಒಳಕ್ಕೆ," ಎಂದರು. "ನಿನ್ನ ಮಗನೂ ಇಲ್ಲೇ ಅವ್ನೆ."

ಕರೆದ ಮೇಲೆ ಹಿರಿಯರು ಉಂಡು ಹೋಗುವವರೆಗೆ ಬದುಕಿರುವವರು ಕೋಣೆಯಲ್ಲಿರಬಾರದು. ಎಲ್ಲರೂ ಮುಂಬಾಗಿಲಿಂದ ಹೊರಗೆ ಬಂದು ಬಿಸಿಲಲ್ಲಿ ನಿಂತರು. ಪ್ರತಿ ವರ್ಷದ ಪದ್ಧತಿಯಂತೆ ಗುರುದತ್ತ ಬಾಗಿಲೆಳೆಯಲು ಕೈಹಾಕಿದ. ಇಂದು ಹೊಸ್ತಿಲ ಮೇಲೆ ಕಾಲಿಟ್ಟು ಅಡ್ಡ ನಿಂತಳು.

"ಏನೇ ಇದು? ಎ.ಸಿ. ಎಲ್ಲಾ ಹೊರಗೆ ಹೋಗುತ್ತೆ."

"ಹೋಗಲಿ ಅಣ್ಣ," ಎಂದಳು ಇಂದು. "ಮೂರು ವರ್ಷ ಗೇಟಿನ ಆಚೆ ಕೂತಿದ್ದಳು ಅವಳು. ಇವತ್ತು ಈ ಬಾಗಿಲು ಹಾಕಿ ನೋಡು, ನಿನ್ನ ಕೈ ಮುರೀತೀನಿ."

ಗುರುದತ್ತ ಹಿಡಿ ಬಿಟ್ಟ. ಒಳಗಿನ ತಣ್ಣನೆಯ ಗಾಳಿ ಸಾಂಬ್ರಾಣಿಯ ವಾಸನೆಯೊಂದಿಗೆ ಅವರೆಲ್ಲರ ನಡುವೆ ಹಾದು ಬೀದಿಗೆ ಹೋಗುತ್ತಿತ್ತು. ಹತ್ತು ನಿಮಿಷ ಯಾರೂ ಬಾಗಿಲು ಮುಟ್ಟಲಿಲ್ಲ.